ನನ್ನ ಹೆಸರಿನ್ಯಾಗ ನಾ ಹಾಡದ ಪದ: ಎಐ ನಕಲಿ ತೆಗೆಸಿದ ಅನುಭವ, ಮುಂದಿನೋರಿಗೆ ಉಪಯೋಗ ಆಗ್ಲಿ ಅಂತ

ಈ ಗದ್ದಲ ಶುರು ಆದಾಗ ಏನು ಮಾಡಬೇಕು, ಯಾರಿಗೆ ಬರೀಬೇಕು ಅಂತ ರಾತ್ರಿ ಕೂತು ಹುಡುಕಿದ್ರ ಕನ್ನಡದಾಗ ನನಗ ಒಂದು ಸಾಲೂ ಸಿಗಲಿಲ್ಲ, ಇಂಗ್ಲಿಷ್‌ನಾಗ ಸಿಕ್ಕದ್ದೆಲ್ಲ ಅಮೆರಿಕಾದ ಕಾನೂನು. ಪುಣೆ ಮುಂಬೈ ಕಡೆ ನಮ್ಮ ಭಾಷೆಯೋರು ಹಾಡೋರು ಬಾರ್ಸೋರು ಭಾಳ ಮಂದಿ ಇದ್ದೀವಿ, ಅದಕ್ಕ ಎಲ್ಲಾ ನೆನಪಿದ್ದಾಗನ ಬರದು ಇಡ್ತೀನಿ.

ನಾ ಧಾರವಾಡ ಕಡೆಯಾಕಿ, ಮದಿವಿ ಆಗಿ ಪುಣೆಕ್ಕ ಬಂದೆ. ಹಿಂದುಸ್ತಾನಿ ಹಾಡ್ತೀನಿ, ಜೊತಿಗೆ ದಾಸರ ಪದ, ವಚನ. ಕೋಥ್ರೂಡ್‌ನಾಗ ಮನ್ಯಾಗ ಪಾಠ ಹೇಳ್ತೀನಿ, ಕನ್ನಡ ಸಂಘದ ಕಾರ್ಯಕ್ರಮ, ರಾಯರ ಆರಾಧನಿ, ಗಣಪತಿ ಹಬ್ಬದಾಗ ಮಂಡಳದೋರು ಕರದ್ರ ಅಲ್ಲೆ, ಹಿಂಗ ನಡದದ. ಕೆಲವು ರೆಕಾರ್ಡಿಂಗ್ ಸ್ಟ್ರೀಮಿಂಗ್ ಆ್ಯಪ್‌ನಾಗ ಅವ.

ಹುಬ್ಬಳ್ಳಿಯಿಂದ ಮಾವಶಿ ಫೋನ್ ಮಾಡಿದ್ಳು. "ನಿನ್ನ ಹೊಸಾ ಪದಾ ಕೇಳಿದೆ, ಛಲೋ ಹಾಡೀದಿ. ಆದ್ರ ಇದ್ಯಾವ ಪದಾನವಾ, ನಾ ಎಂದೂ ಕೇಳೇ ಇಲ್ಲಲ್ಲ?" ನಾ ಹೊಸಾದೇನೂ ಬಿಟ್ಟಿರಲಿಲ್ಲ. ಆ್ಯಪ್ ತಗದು ನೋಡಿದ್ರ ನನ್ನದ ಪುಟ, ಎಲ್ಲಾಕ್ಕಿಂತ ಮ್ಯಾಲೆ ಹೊಸ ಬಿಡುಗಡೆ ಅಂತ ಒಂದು ಹಾಡು, ಮ್ಯಾಲೆ ನನ್ನ ಫೋಟೋ. ಹಚ್ಚಿ ಕೇಳಿದೆ. ಮಂದ್ರದಾಗ, ಅಂದ್ರ ಕೆಳಗಿನ ಸ್ವರದಾಗ, ನನ್ನ ದನಿ ಸ್ವಲ್ಪ ದಪ್ಪ ಆಗ್ತದ, ಅದು ಹಂಗ ಇತ್ತು. ಸಾಲಿನ ಕೊನಿಗೆ ಒಂದು ಸ್ವರದಿಂದ ಇನ್ನೊಂದಕ್ಕ ಜಾರಿಸಿ ನಾ ಮೀಂಡ್ ಎಳಿಯೋ ರೀತಿ, ಅದೂ ಹಂಗ. ಆದ್ರ ಮಹಾಪ್ರಾಣ ಒಂದೂ ಇಲ್ಲ, "ಳ" ಇದ್ದಲ್ಲೆಲ್ಲ "ಲ". ಮತ್ತ ಕೊನಿ ಚರಣದಾಗ ಪುರಂದರ ವಿಠಲ ಅಂತ ಅಂಕಿತ.

ಆ ಅಂಕಿತ ಕೇಳಿದಾಗ ನನ್ನ ಹೊಟ್ಟ್ಯಾಗ ತೊಳಿಸಿದಂಗಾತು. ಮನ್ಯಾಗ ಇದ್ದ ದಾಸರ ಪದಗಳ ಪುಸ್ತಕ ಎಲ್ಲಾ ತಿರುವಿ ಹಾಕಿದೆ, ಧಾರವಾಡದಾಗ ಇರೋ ನಮ್ಮ ಗುರುಗಳಿಗೂ ಕಳಿಸಿದೆ, ಅವರೂ ಎಂದೂ ಕೇಳಿಲ್ಲ ಅಂದ್ರು. ಸಾಹಿತ್ಯ ನೋಡಿದ್ರ "ದೇವಾ ದಯಾಳು, ಮನವ ಬೆಳಗು" ಅಂಥಾ ಸಾಲುಗಳು, ಅರ್ಥ ಇದ್ದಂಗ ಅನಸ್ತದ, ಹಿಡಿಲಿಕ್ಕೆ ಹೋದ್ರ ಏನೂ ಇಲ್ಲ. ಐನೂರು ವರ್ಷದಿಂದ ಬಾಯಿಂದ ಬಾಯಿಗೆ ಬಂದ ಪದಕ್ಕ ಅಂಕಿತನ ಸಹಿ. ಕಾಗದ ಕಳದ್ರೂ, ಊರು ಬದಲಾದ್ರೂ, ಇದು ಪುರಂದರದಾಸರದು, ಇದು ಕನಕದಾಸರದು ಅಂತ ತಿಳಿಯೋದು ಅದರಿಂದನ, ವಚನಕ್ಕೂ ಹಂಗ, ಕೂಡಲಸಂಗಮದೇವ ಅಂದ್ರ ಬಸವಣ್ಣನವರು. ಯಾರೋ ಒಬ್ಬರು ಮಷೀನಿನಿಂದ ಪದ ಬರಿಸಿ, ಅದಕ್ಕ ದಾಸರ ಸಹಿ ಹಾಕಿ, ನನ್ನ ದನಿಯೊಳಗ ಹಾಡಿಸಿ, ನನ್ನ ಹೆಸರಿನ್ಯಾಗ ಬಿಟ್ಟಿದ್ರು. ನನ್ನ ಹೆಸರಿಗಿಂತ ಅದು ಹೆಚ್ಚು ಉರೀತು.

ಇಲ್ಲೆ ಒಂದು ಮಾತು. ಹಿಂಗ ಆದ್ರ ಮೊದಲ ಸಿಟ್ಟಿನ ಪೋಸ್ಟ್ ಹಾಕಬ್ಯಾಡ್ರಿ, ಲಿಂಕ್ ಅಂತೂ ಯಾರಿಗೂ ಕಳಿಸಬ್ಯಾಡ್ರಿ, ಮಂದಿ ಕುತೂಹಲಕ್ಕ ಒತ್ತಿ ಕೇಳ್ತಾರ, ಅದರ ಎಣಿಕಿ ಏರ್ತದ, ರೊಕ್ಕಾ ಅವರಿಗೆ ಹೋಗ್ತದ. ಮೊದಲ ಸ್ಕ್ರೀನ್‌ಶಾಟ್ ತಗೀರಿ, ತಾರೀಖು ಕಾಣೂಹಂಗ. ಹಾಡಿನ ಲಿಂಕ್, ಕ್ರೆಡಿಟ್ ಪುಟ, ಕೆಳಗ ಸಣ್ಣ ಅಕ್ಷರದಾಗ ಇರೋ ಲೇಬಲ್ (ಹಾಡು ಬಿಟ್ಟ ಕಂಪನಿ) ಹೆಸರು, ಎಲ್ಲಾ. ಐಎಸ್‌ಆರ್‌ಸಿ ಅಂತ 12 ಅಕ್ಷರದ ಒಂದು ಗುರುತಿನ ನಂಬರ್ ಹಿಂಗ ಬಿಡುಗಡೆ ಆದ ರೆಕಾರ್ಡಿಂಗಿಗೆ ಇರ್ತದ, ಸಿಕ್ರ ಅದನ್ನೂ ಬರಕೊಳ್ರಿ. ಯಾಕಂದ್ರ ದೂರು ಕೊಟ್ಟ ಮ್ಯಾಲೆ ಹಾಡು ಮಾಯ ಆಗಿ ಬ್ಯಾರೆ ಕಡೆ ಏಳ್ತದ, ಆವಾಗ ಹಳೇದರ ಪುರಾವೆ ನಿಮ್ಮ ಕೈಯಾಗ ಇರಬೇಕು.

ನನ್ನ ಪುಟದಾಗ ಬ್ಯಾರೆಯೋರು ಹಾಡು ಹೆಂಗ ಏರಿಸಿದ್ರು ಅಂತ ನನಗ ತಿಳೀಲೇ ಇಲ್ಲ. ನನ್ನ ಶಿಷ್ಯೆ ಒಬ್ಬಾಕಿ ಐಟಿಯೊಳಗ ಇದ್ದಾಳ, ಆಕಿ ತಿಳಿಸಿ ಹೇಳಿದ್ಳು: "ಅಕ್ಕಾ, ಹಾಡು ನೇರ ಆ್ಯಪ್‌ಗೆ ಹೋಗಂಗಿಲ್ಲ, ನಡುವ ಡಿಸ್ಟ್ರಿಬ್ಯೂಟರ್ ಅಂತ ಇರ್ತಾರ. ಏರಿಸೋರು ಕಲಾವಿದರ ಹೆಸರಿನ ಜಾಗಾದಾಗ ನಿಮ್ಮ ಹೆಸರು ತುಂಬಿದ್ರು ಅಂದ್ರ ನಿಮ್ಮ ಪುಟಕ್ಕ ಬಂದು ಕೂಡತದ." ನನ್ನನ್ನಂತೂ ಯಾರೂ ಕೇಳಿರಲಿಲ್ಲ. ಇದು ನನ್ನೊಬ್ಬಾಕಿ ಕಥಿ ಅಲ್ಲ ಅಂತ ಆಮ್ಯಾಲೆ ಓದಿ ತಿಳೀತು. 2025ರ ಸೆಪ್ಟೆಂಬರ್‌ದಾಗ ಹಾಡು ಕೇಳೋ ಆ್ಯಪ್ ಸ್ಪಾಟಿಫೈ ತಾನ ಹೇಳ್ಯದ, ಒಂದು ವರ್ಷದಾಗ 7.5 ಕೋಟಿ ಸ್ಪ್ಯಾಮ್ ಹಾಡು ತಗದೀವಿ ಅಂತ. ಡೀಜರ್ ಅನ್ನೋ ಫ್ರಾನ್ಸಿನ ಹಾಡಿನ ಆ್ಯಪ್ ಕಂಪನಿ ಅದೇ ನವೆಂಬರ್‌ದಾಗ ಹೇಳಿದ್ದು, ದಿನಕ್ಕ 50,000 ಪೂರಾ ಎಐ ಹಾಡು ತಮಗ ಬರ್ತಾವ, ಬರೋ ಒಟ್ಟು ಹಾಡಿನ್ಯಾಗ ಶೇಕಡಾ 34. ಈ ಮಹಾಪೂರದಾಗ ಕೋಥ್ರೂಡ್‌ನ ಒಬ್ಬಾಕಿ ಗಾಯಕಿ ದೂರು ಯಾರು ನೋಡ್ತಾರ ಅಂತ ಎದಿ ಕುಸದಿತ್ತು.

ದೂರು ಕೊಡಬೇಕಂದ್ರ ಮೊದಲ ಆ ಪುಟ ನನ್ನದು ಅಂತ ಕ್ಲೇಮ್ ಮಾಡಬೇಕಿತ್ತು. ಇಲ್ಲೆ ಶುರು ಆತು ಕಾಗದದ ಗೋಳು. ನನ್ನ ಹಾಡುಗಳನ್ನ ಹಿಂದ ಏರಿಸಿದ್ದು ರೆಕಾರ್ಡಿಂಗ್ ಮಾಡಿದ ಸ್ಟುಡಿಯೋದೋರು, ಲಾಗಿನ್ ಅವರ ಇಮೇಲಿನ್ಯಾಗ. ಸ್ಟುಡಿಯೋ ಮುಚ್ಚಿ ಆ ಹುಡುಗ ಬ್ಯಾರೆ ದೇಶಕ್ಕ ಹೋಗ್ಯಾನ. ಅವನ ಅಣ್ಣನ್ನ ಹಿಡದು, ನಂಬರ್ ತಗೊಂಡು, ಅವನ ಕಡಿಂದ ಡಿಸ್ಟ್ರಿಬ್ಯೂಟರ್‌ಗೆ ಇಮೇಲ್ ಹಾಕಿಸೋದರಾಗ ವಾರಗಟ್ಟಲೆ ಹೋತು, ಅವ ಪಾಪ ಛಲೋ ಹುಡುಗ, ರಾತ್ರಿ ಎದ್ದು ಮಾಡಿಕೊಟ್ಟ. ಎರಡನೇದು ಹೆಸರು. ಆಧಾರ್‌ದಾಗ ಗಂಡನ ಹೆಸರು ಅಡ್ಡಹೆಸರು ಸೇರಿ ಮರಾಠಿ ಪದ್ಧತಿಯೊಳಗ ಅದ, ಕಾರ್ಯಕ್ರಮದಾಗ ಹಾಡೋದು ತವರಮನಿ ಹೆಸರಿಲೆ, ಪ್ಯಾನ್‌ದಾಗ ಇನ್ನೊಂದು ನಮೂನಿ. ಮದಿವಿ ಆಗಿ ಮಹಾರಾಷ್ಟ್ರಕ್ಕ ಬಂದ ನಮ್ಮ ಹೆಣ್ಣುಮಕ್ಕಳಿಗೆಲ್ಲ ಇದು ಇದ್ದದ್ದ. ಈ ಮೂರೂ ಹೆಸರು ಒಬ್ಬಾಕಿದ ಅಂತ ಅಫಿಡವಿಟ್ ಬೇಕಾತು. ಶಿವಾಜಿನಗರ ಕೋರ್ಟ್ ಹತ್ರ ನೋಟರಿ ಮಾಡಿಸಿದೆ. ಮಹಾರಾಷ್ಟ್ರದಾಗ 2024ರ ಅಕ್ಟೋಬರ್‌ದಿಂದ 100ರ ಸ್ಟಾಂಪ್ ಪೇಪರ್ ಬದಲಿ 500 ರೂಪಾಯಿದು ಆಗ್ಯದ, ನೋಟರಿ ಫೀ ಬ್ಯಾರೆ. ಮಾಡಸೋಮುಂದ ಒಂದ ಅಲ್ಲ, ಎರಡು ಮೂಲ ಪ್ರತಿ ಮಾಡಿಸ್ರಿ, ಮುಂದ ಟ್ರೇಡ್‌ಮಾರ್ಕ್‌ಗೂ ಬ್ಯಾಂಕಿಗೂ ಬೇಕಾಗ್ತದ.

ಪುಟ ಕೈಗೆ ಬಂದ ಮ್ಯಾಲೆ ದೂರು ಹಾಕಿದೆ, ಈ ಹಾಡು ನನ್ನದಲ್ಲ ಅಂತ. ಕಾದೆ. ದಿನಾ ಬೆಳಿಗ್ಗೆ ತಂಬೂರಿ ಶ್ರುತಿ ಮಾಡೂಕಿಂತ ಮೊದಲ ಇಮೇಲ್ ನೋಡೋದು ಒಂದು ಚಟ ಆಗಿಬಿಟ್ಟಿತ್ತು. ಕೊನಿಗೂ ಉತ್ತರ ಬಂತು, ಸಮಸ್ಯೆ ಬಗೆಹರದದ ಅಂತ. ಓಡಿ ನೋಡಿದ್ರ ನನ್ನ ಪುಟದಿಂದ ಹಾಡು ಹೋಗಿತ್ತು ಖರೆ, ಆದ್ರ ಅದನ್ನ ತಗದಿರಲಿಲ್ಲ, ನನ್ನದ ಹೆಸರಿನ ಹೊಸಾ ಪುಟ ಮಾಡಿ ಅಲ್ಲೆ ಇಟ್ಟಿದ್ರು! ಈಗ ನನ್ನ ಹೆಸರಿಲೆ ಇಬ್ಬರು ಕಲಾವಿದರು, ನನ್ನ ಫೋಟೋ ಇಬ್ಬರದೂ. ಆ ದಿನ ನಾ ಪಾಠ ಹೇಳಲಿಲ್ಲ, ಹುಡುಗ್ಯಾರನ್ನ ವಾಪಸ್ ಕಳಿಸಿದೆ.

ಇದನ್ನ ಯಾರೂ ಹೇಳಂಗಿಲ್ಲ, ಅದಕ್ಕ ನಾ ಒತ್ತಿ ಹೇಳ್ತೀನಿ. ದೂರಿನ್ಯಾಗ ಬ್ಯಾರೆ ಬ್ಯಾರೆ ಜಾತಿ ಅವ. ಹಾಡು ತಪ್ಪು ಪುಟದಾಗ ಬಂದದ ಅನ್ನೋದು ಒಂದು. ಅದರಾಗ ಅವರು ನೋಡೋದು ಹೆಸರು ಅಷ್ಟ, ಒಂದ ಹೆಸರಿನವರು ಇಬ್ಬರು ಇರಬಹುದು ಅಂತ ಬ್ಯಾರೆ ಪುಟಕ್ಕ ಸರಸ್ತಾರ. ನನ್ನ ದನಿ ನಕಲು ಮಾಡಿ ನನ್ನಂಗ ನಟಿಸ್ಯಾರ ಅನ್ನೋದು ಇನ್ನೊಂದು ದೂರು, ಅದರ ಫಾರ್ಮ್ ಬ್ಯಾರೆ, ನೋಡೋ ಮಂದಿ ಬ್ಯಾರೆ. ಫೋಟೋ ಅಥವಾ ನಿಮ್ಮ ಹಳೇ ರೆಕಾರ್ಡಿಂಗ್ ಕದ್ದಿದ್ರ ಅದು ಕಾಪಿರೈಟ್ ದೂರು. ಯೂಟ್ಯೂಬ್‌ನಾಗ ದನಿ, ಮುಖ ಎಐದಿಂದ ನಕಲು ಮಾಡಿದ್ರ 2024ರಿಂದ ಪ್ರೈವೆಸಿ ದೂರಿನ ದಾರಿಯೊಳಗ ಹೋಗಬೇಕು. ಒಂದರ ಮಾತು ಇನ್ನೊಂದರಾಗ ಬರದ್ರ ಉತ್ತರನ ಬ್ಯಾರೆ ಬರ್ತದ.

ನನಗ ಎಲ್ಲಾಕ್ಕಿಂತ ಲಗೂ ಕೆಲಸ ಆದದ್ದು ಫೋಟೋದ್ದು, ಇದು ಆಶ್ಚರ್ಯ. ಅದು ಒಂದು ಗಣೇಶೋತ್ಸವದ ಕಾರ್ಯಕ್ರಮದಾಗ ಒಬ್ಬ ಹುಡುಗ ತನ್ನ ಹವ್ಯಾಸಕ್ಕ ತಗದ ಚಿತ್ರ, ನಾ ರೊಕ್ಕಾ ಕೊಟ್ಟು ತಗಿಸಿದ್ದಲ್ಲ. ಹಂಗಿದ್ದಾಗ ಕಾಪಿರೈಟ್ ತಗದಾವನದು, ಅದರಾಗ ನನ್ನ ಮುಖ ಇದ್ರೂ. ಅವನ ಕಡಿಂದ ದೂರು ಹಾಕಿಸಿದೆ, ಮೂಲ ಫೈಲ್ ಅವನ ಕಡೆ ಇತ್ತು, ಎರಡೂ ಪುಟದಿಂದ ಫೋಟೋ ಹೋತು. ಆಮ್ಯಾಲೆ ಅವ ಆ ಚಿತ್ರದ ಹಕ್ಕು ನನಗ ಬರದುಕೊಟ್ಟ. ನಿಮ್ಮ ಪ್ರಚಾರಕ್ಕ ಬಳಸೋ ಫೋಟೋ ಯಾರು ತಗದ್ರು, ಹಕ್ಕು ಯಾರದು ಅಂತ ಒಂದು ಕಾಗದ ಮಾಡಿಟ್ಟುಕೊಳ್ರಿ, ಸಾದಾ ಇಮೇಲ್ ಆದ್ರೂ ಏನೂ ಇಲ್ಲದ್ದಕ್ಕಿಂತ ಛಲೋ.

ದನಿ ವಿಷಯ ಮಾತ್ರ ಜಗ್ಗಿತು. ವಕೀಲರ ಕಡೆ ಹೋದೆ, ಕನ್ನಡದೋರ, ಬೆಳಗಾವಿ ಕಡೆಯವರು. ಅವರು ಹೇಳಿದ್ದು ಕೇಳಿ ನನಗ ಕಣ್ಣು ತೆರದಂಗಾತು. ದನಿಗೆ ಕಾಪಿರೈಟ್ ಇಲ್ಲರಿ ಅಂದ್ರು. ಸಾಹಿತ್ಯಕ್ಕ ಅದ, ಸ್ವರ ಸಂಯೋಜನಿಗೆ ಅದ, ರೆಕಾರ್ಡಿಂಗಿಗೆ ಅದ. 1957ರ ಕಾಪಿರೈಟ್ ಕಾಯಿದೆಯೊಳಗ 38ನೇ ಕಲಂ ಪ್ರಕಾರ ಹಾಡಿದವರಿಗೆ ತಮ್ಮ ಗಾಯನದ ಮ್ಯಾಲೆ 50 ವರ್ಷ ಹಕ್ಕು ಅದ, 2012ರ ತಿದ್ದುಪಡಿಯಿಂದ ತಮ್ಮ ಹೆಸರು ಹಾಕಿಸಿಕೊಳ್ಳೋ ಹಕ್ಕೂ ಬಂತು. ಆದ್ರ ಇದೆಲ್ಲ ನೀವು ಹಾಡಿದ್ದಕ್ಕ. ನೀವು ಹಾಡಲಾರದ್ದನ್ನ ಹಾಡೀರಿ ಅಂತ ತೋರಿಸಿದ್ರ ಅದು ವ್ಯಕ್ತಿತ್ವದ ಹಕ್ಕಿನ (ನಮ್ಮ ಹೆಸರು, ಮುಖ, ದನಿ ನಮ್ಮನ್ನ ಕೇಳದ ಬಳಸದಂಗ ತಡಿಯೋ ಹಕ್ಕು) ಪ್ರಶ್ನೆ, ಅದು ಕೋರ್ಟ್ ತೀರ್ಪುಗಳಿಂದ ಬೆಳದು ಬರಲಿಕತ್ತದ. ಬಾಂಬೆ ಹೈಕೋರ್ಟ್ 2024ರ ಜುಲೈದಾಗ ಅರಿಜಿತ್ ಸಿಂಗ್ ಅವರ ದನಿ ಎಐದಿಂದ ನಕಲು ಮಾಡೋದಕ್ಕ ತಡೆ ಕೊಟ್ಟದ, 2025ರಾಗ ಆಶಾ ಭೋಸ್ಲೆಯವರಿಗೂ ಅಂಥಾದ ರಕ್ಷಣೆ ಸಿಕ್ಕದ.

"ಅವರಷ್ಟು ದೊಡ್ಡಾಕಿ ನಾ ಅಲ್ಲಲ್ರೀ" ಅಂದೆ. ಅದಕ್ಕ ಅವರು ಅಂದದ್ದು ನನ್ನ ತಲಿಯೊಳಗ ಕೂತುಬಿಟ್ಟದ: "ದೊಡ್ಡೋರೋ ಸಣ್ಣೋರೋ ಆಮ್ಯಾಲೆ ನೋಡೋಣ್ರಿ ತಾಯಿ, ಈ ಹೆಸರು ಈ ದನಿ ಅಂದ್ರ ಮಂದಿ ನಿಮ್ಮನ್ನ ಗುರುತಿಸ್ತಾರ ಅಂತ ಮೊದಲ ಕಾಗದದ ಮ್ಯಾಲೆ ತೋರಿಸ್ರಿ."

ಅಲ್ಲಿಂದ ಒಂದು ದೊಡ್ಡ ಕೆಲಸ ಶುರು ಆತು. ಆಕಾಶವಾಣಿ ಆಡಿಷನ್‌ದಾಗ ಗ್ರೇಡ್ ಕೊಟ್ಟ ಪತ್ರ ಟ್ರಂಕಿನ್ಯಾಗಿಂದ ತಗದೆ. ಹಳೇ ಆಮಂತ್ರಣ ಪತ್ರಿಕಿ, ಸಿಡಿ ಕವರ್, ಪೇಪರಿನ ಕಟಿಂಗ್, ಮಾನಧನ ಬಂದ ಬ್ಯಾಂಕ್ ನಮೂದು, ಸಂಘದೋರು ಕೊಟ್ಟ ಮಾನಪತ್ರ. ನಮ್ಮ ಅವ್ವ ನನ್ನ ಮೊದಲ ಕಛೇರಿ ಆಮಂತ್ರಣ ಧಾರವಾಡದಾಗ ದೇವರ ಗೂಡಿನ್ಯಾಗ ಇಟ್ಟುಕೊಂಡಿದ್ಳು, ಅದರ ಫೋಟೋ ತಮ್ಮ ಕಳಿಸಿದ. ಎಲ್ಲಾ ಸ್ಕ್ಯಾನ್ ಮಾಡಿ ವರ್ಷದ ಪ್ರಕಾರ ಹೆಸರು ಕೊಟ್ಟು ಇಟ್ಟೆವು. ನನ್ನ ರೆಕಾರ್ಡಿಂಗ್ ಒಂದು ತುಣುಕು, ನಕಲಿದ ಒಂದು ತುಣುಕು, ಎಲ್ಲೆಲ್ಲೆ ಉಚ್ಚಾರ ಬ್ಯಾರೆ ಅದ ಅಂತ ನಿಮಿಷ ಸೆಕೆಂಡ್ ಸಮೇತ ಬರದೆ. ದೂರು ನೋಡೋರಿಗೆ ಕನ್ನಡ ಬರಂಗಿಲ್ಲ, ಕಿರಾಣಾ ಘರಾಣಾ ಅಂಥಾ ಗಾಯನ ಪರಂಪರಿ ಗೊತ್ತಿಲ್ಲ, ಹಿಂಗ ಬಿಡಿಸಿ ಇಟ್ರನ ಅವರಿಗೆ ತಿಳಿಯೋದು. ಹಿಂಗ ಕಟ್ಟಿದ ಕಡತ ಕಳಿಸಿದಾಗ, ವಕೀಲರ ನೋಟಿಸೂ ಜೊತಿಗೆ, ಆ ನಕಲಿ ಹಾಡು ಪೂರಾ ಹೋತು. ನಮ್ಮ ದೇಶದ ಐಟಿ ನಿಯಮದ ಪ್ರಕಾರ ಇಂಥಾ ಪ್ರತಿ ಆನ್‌ಲೈನ್ ವೇದಿಕಿಗೂ ದೂರು ಅಧಿಕಾರಿ ಇರಬೇಕು, ಆ ಇಮೇಲ್ ಅವರ ಜಾಲತಾಣದಾಗ ಕೆಳಗ ಎಲ್ಲೋ ಇರ್ತದ, ಫಾರ್ಮ್ ಜೊತಿ ಅಲ್ಲಿಗೂ ಕಳಿಸ್ರಿ.

ಇದರ ನಡುವ ಒಂದು ಘಟನಾ ಆತು, ಅದನ್ನ ಬಿಟ್ಟು ಬರೀಲಿಕ್ಕೆ ಆಗಂಗಿಲ್ಲ. ಸಹಕಾರನಗರದಾಗ ನಮ್ಮ ಕಡೆ ಹೆಣ್ಣುಮಕ್ಕಳ ಭಜನಾ ಮಂಡಳ ಅದ, ಏಕಾದಶಿಗೆ ನನ್ನನ್ನ ಕರದಿದ್ರು. ನನಗ ಖುಷಿ ಆಗ್ಲಿ ಅಂತ, ನನ್ನ ಹೊಸಾ ಪದ ಅಂತ ತಿಳಕೊಂಡು, ಅದ ನಕಲಿ ಪದ ಕಲತು ಹಾಡಿದ್ರು. ತಾಳ ಹಿಡದು, ಭಕ್ತಿಯಿಂದ, ಕಣ್ಣು ಮುಚ್ಚಿ. ಪುರಂದರ ವಿಠಲ ಅಂದಾಗ ಎಲ್ಲಾರೂ ಕೈ ಮುಗದ್ರು. ನನಗ ದುಃಖ ಒತ್ತರಿಸಿ ಬಂತು. ಮುಗದ ಮ್ಯಾಲೆ ನಿಧಾನ ಹೇಳಿದೆ, ಇದು ದಾಸರದೂ ಅಲ್ರಿ, ನನ್ನದೂ ಅಲ್ಲ ಅಂತ. ಹಿರಿಯಾಕಿ ಒಬ್ಬಾಕಿ ವಹಿಯೊಳಗ ಬರಕೊಂಡಿದ್ದ ಪದಕ್ಕ ಗೀಟು ಹಾಕಿ, "ಹಂಗಾರ ಖರೇದು ಒಂದು ಕಲಿಸು ಮಗಳ" ಅಂದ್ಳು. ಅಲ್ಲೇ ಕೂತು ಕಲಿಸಿದೆ. ಮಷೀನಿನ ಪದ ಹಿಂಗ ಒಂದು ವಹಿಯಿಂದ ಇನ್ನೊಂದು ವಹಿಗೆ ಹೋದ್ರ ಐವತ್ತು ವರ್ಷಕ್ಕ ಯಾರು ಬ್ಯಾರೆ ಮಾಡಿ ತೋರಿಸ್ತಾರ? ನಾ ಇಷ್ಟು ಹಟ ಹಿಡಿಲಿಕ್ಕೆ ಇದ ಕಾರಣ.

ಟ್ರೇಡ್‌ಮಾರ್ಕ್ ವಿಷಯಕ್ಕ ಬರ್ತೀನಿ, ಭಾಳ ಮಂದಿ ಕೇಳ್ಯಾರ. ಬ್ಯಾರೆಯೋರು ವ್ಯಾಪಾರಕ್ಕ ಬಳಸದಂಗ ಕಲಾವಿದರ ಹೆಸರು ನೋಂದಾಯಿಸಬಹುದು. ಕಾರ್ಯಕ್ರಮ, ಪಾಠ, ಮನರಂಜನಿ ಅಂದ್ರ 41ನೇ ವರ್ಗ, ಡೌನ್‌ಲೋಡ್ ಆಗೋ ಧ್ವನಿಮುದ್ರಿಕೆ ಅಂದ್ರ 9ನೇ ವರ್ಗ. ಒಬ್ಬ ವ್ಯಕ್ತಿ ಆನ್‌ಲೈನ್ ಹಾಕಿದ್ರ ವರ್ಗಕ್ಕ 4,500 ರೂಪಾಯಿ ಸರ್ಕಾರಿ ಫೀ. ಮಹಾರಾಷ್ಟ್ರ, ಗೋವಾದೋರಿಗೆ ಮುಂಬೈ ಆಂಟಾಪ್ ಹಿಲ್‌ನ ಕಚೇರಿ ಲೆಕ್ಕ, ಆದ್ರ ಎಲ್ಲಾ ಆನ್‌ಲೈನ್, ಹೋಗೋದು ಬೇಕಾಗಲಿಲ್ಲ. ಯಾವಾಗಿಂದ ಈ ಹೆಸರು ಬಳಸಲಿಕತ್ತೀರಿ ಅಂತ ಪುರಾವೆ ಕೇಳ್ತಾರ, ಆ ಕಡತ ಇಲ್ಲಿಯೂ ಉಪಯೋಗ ಆತು. ಕಚೇರಿಯೋರು ಅರ್ಜಿ ನೋಡಿ ಕಳಿಸೋ ಪರೀಕ್ಷಾ ವರದಿಯೊಳಗ ಆಕ್ಷೇಪ ಬಂದ್ರ ಗಾಬರಿ ಆಗಬ್ಯಾಡ್ರಿ, ಭಾಳ ಅರ್ಜಿಗೆ ಬರ್ತದ, ಒಂದು ತಿಂಗಳೊಳಗ ಉತ್ತರ ಕೊಡಬೇಕು, ಇಮೇಲ್ ಮಾತ್ರ ನೋಡಿಕೋತ ಇರ್ರಿ. ಅರ್ಜಿ ಹಾಕಿದಾಗಿಂದ ಟಿಎಂ ಅಂತ ಹಾಕಬಹುದು, ವೃತ್ತದೊಳಗಿನ ಆರ್ ಚಿಹ್ನೆ ನೋಂದಣಿ ಆದ ಮ್ಯಾಲೆ ಅಷ್ಟ.

ನನ್ನ ಖರ್ಚಿನ್ಯಾಗ ದೊಡ್ಡದು ವಕೀಲರದು, ಸರ್ಕಾರಿ ಫೀ ಅಲ್ಲ. ಹೈಕೋರ್ಟಿಗೆ ಹೋಗಿದ್ರ ಅದು ನಮ್ಮಂಥವರಿಗೆ ಎಟುಕೋ ಮಾತಲ್ಲ, ನೋಟಿಸ್‌ನಾಗ ಮುಗದದ್ದು ಪುಣ್ಯ. ರೆಕಾರ್ಡಿಂಗ್ ಕಾಪಿರೈಟ್ ನೋಂದಣಿಗೆ 2,000 ರೂಪಾಯಿ, ಸಂಗೀತ ಕೃತಿಗೆ 500, ನೋಂದಣಿ ಇಲ್ಲದಿದ್ರೂ ಹಕ್ಕು ಇದ್ದೇ ಇರ್ತದ, ಆದ್ರ ಜಗಳ ಬಂದಾಗ ಸರ್ಟಿಫಿಕೇಟ್ ತೋರಿಸೋದು ಸುಲಭ. ನಾ ಸ್ವತಃ ರಾಗ ಹಾಕಿದ್ದಕ್ಕಷ್ಟ ಮಾಡಿಸಿದೆ.

ಇನ್ನ ಬ್ರ್ಯಾಂಡಿಂಗ್ ಮಾಡ್ರಿ ಅಂತ ಹೇಳೋರು. ಈ ಗದ್ದಲ ಕೇಳಿ ಒಬ್ಬರು ಬಂದು ದಿನಾ ರೀಲ್ಸ್ ಹಾಕ್ರಿ, ಎಐ ಪೋಸ್ಟರ್ ಮಾಡಿಕೊಡ್ತೀನಿ ಅಂದ್ರು. ನನಗ ಅದು ಬ್ಯಾಡಾತು. ಬದಲಿಗೆ ನನ್ನ ಹೆಸರಿನದ ಒಂದು ಸಣ್ಣ ಜಾಲತಾಣ ಮಾಡಿಸಿದೆ, ಅದರಾಗ ಗುರುಗಳ ಹೆಸರು, ಕಲಿತ ವರ್ಷ, ನಾ ಹಾಡಿದ ಪ್ರತಿಯೊಂದು ರೆಕಾರ್ಡಿಂಗ್, ಯಾರು ತಬಲಾ, ಯಾರು ಹಾರ್ಮೋನಿಯಂ, ಐಎಸ್‌ಆರ್‌ಸಿ ನಂಬರ್, ಮತ್ತ ಈ ಪಟ್ಟಿಯೊಳಗ ಇಲ್ಲದ್ದು ನನ್ನದಲ್ಲ ಅಂತ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಾಗೂ ಒಂದು ಸಾಲು. ಇದನ್ನ ಮಾಡಲಿಕ್ಕೆ ಇನ್ನೊಂದು ಕಾರಣ ಅದ. ಒಂದು ಎಐ ಚಾಟ್‌ನಾಗ ನನ್ನ ಬಗ್ಗೆ ಕೇಳಿದಾಗ ಅದು ನನ್ನ ಗುರುಗಳ ಹೆಸರ ಬದಲಿಸಿ ಹೇಳಿತ್ತು, ಬ್ಯಾರೆ ಯಾರದೋ ಪ್ರಶಸ್ತಿ ನನಗ ಕೊಟ್ಟಿತ್ತು. ಹದಿನೈದು ವರ್ಷದಾಕಿ ಇದ್ದಾಗಿಂದ ಕೈ ಹಿಡದು ಕಲಿಸಿದವರ ಹೆಸರು ಅಳಸಿ ಹೋಗೋದು ನನಗ ಸಹಿಸಲಿಕ್ಕೆ ಆಗಲಿಲ್ಲ. ಕಾರ್ಯಕ್ರಮ ಕೊಡೋರು ಈಗ ಅಲ್ಲೇ ಕೇಳಿ ನೋಡ್ತಾರ, ಅದಕ್ಕ ಸರಿ ಮಾಹಿತಿ ಒಂದು ಕಡೆ ಸ್ಪಷ್ಟ ಇಡೋದು ನಮ್ಮ ಕೈಯಾಗ ಇದ್ದ ಕೆಲಸ. ಯೂಟ್ಯೂಬ್‌ನಾಗ ಅಧಿಕೃತ ಕಲಾವಿದರ ಚಾನೆಲ್ ಮಾಡಿಸಿದೆ, ಹೊಸಾ ಡಿಸ್ಟ್ರಿಬ್ಯೂಟರ್ ಲಾಗಿನ್ ನನ್ನ ಸ್ವಂತ ಇಮೇಲಿನ್ಯಾಗ. ಹಾಡೋರಿಗೆ ಇಸಾಮ್ರಾ, ರಾಗ ಹಾಕೋರಿಗೆ ಐಪಿಆರ್‌ಎಸ್ ಅಂತ ರಾಯಲ್ಟಿ ವಸೂಲಿ ಮಾಡಿ ಹಂಚೋ ಸೊಸೈಟಿ ಅವ, ಎರಡೂ ಮುಂಬೈದಾಗ. ಸದಸ್ಯತ್ವ ಇದ್ರ ರಾಯಲ್ಟಿಗೂ ಆತು, ನೀವು ಯಾರು ಅನ್ನೋದಕ್ಕ ಇನ್ನೊಂದು ಕಾಗದಾನೂ ಆತು.

ಮತ್ತ ಒಪ್ಪಂದಕ್ಕ ಸಹಿ ಹಾಕೂಮುಂದ ಜ್ವಾಕಿ. ಹೋದ ತಿಂಗಳು ಒಂದು ಕಂಪನಿಯವರು ಭಕ್ತಿಗೀತೆ ರೆಕಾರ್ಡಿಂಗ್‌ಗೆ ಕರದ್ರು, ರೊಕ್ಕಾ ಛಲೋ ಇತ್ತು, ಆದ್ರ ಒಳಗ ಒಂದು ಸಾಲು, ಈಗ ಇರೋ ಮತ್ತ ಮುಂದ ಬರೋ ಎಲ್ಲಾ ತಂತ್ರಜ್ಞಾನದಾಗ ಧ್ವನಿ ಬಳಸೋ ಹಕ್ಕು ಅವರದು ಅಂತ. ಎಐ ತರಬೇತಿಗೆ (ಅಂದ್ರ ನನ್ನ ದನಿ ಹಾಕಿ ಮಷೀನಿಗೆ ಕಲಿಸಲಿಕ್ಕೆ), ದನಿ ನಕಲಿಗೆ ಬಳಸಂಗಿಲ್ಲ ಅಂತ ಬರದು ಕೊಡ್ರಿ ಅಂದೆ. ಕೊಡಲಿಲ್ಲ. ನಾ ಹಾಡಲಿಲ್ಲ. ಮನ್ಯಾಗ ಯಜಮಾನರು, ಆ ರೊಕ್ಕದಾಗ ವಕೀಲರ ಫೀ ತೀರತಿತ್ತು ನೋಡು ಅಂದ್ರು, ಆದ್ರ ಒತ್ತಾಯ ಮಾಡಲಿಲ್ಲ. ಡಿಸ್ಟ್ರಿಬ್ಯೂಟರ್ ಸೆಟ್ಟಿಂಗ್‌ನಾಗೂ ಎಐ ತರಬೇತಿಗೆ ಒಪ್ಪಿಗಿ ಅಂತ ಟಿಕ್ ಇರಬಹುದು, ಹಾಡು ಏರಿಸೂಕಿಂತ ಮೊದಲ ಒಮ್ಮೆ ಹುಡುಕಿ ನೋಡ್ರಿ.

ಸದ್ಯದ ಸ್ಥಿತಿ ಹಿಂಗ ಅದ. ಮೊದಲ ನಕಲಿ ಹೋಗ್ಯದ. ನನ್ನ ಹೆಸರಿನ ಸ್ಪೆಲ್ಲಿಂಗ್‌ನಾಗ ಒಂದು ಅಕ್ಷರ ಬದಲಿಸಿ ಇನ್ನೊಂದು ಆ್ಯಪ್‌ನಾಗ ಅದ ಹಾಡು ಮತ್ತ ಬಂದದ, ಕಡತ ತಯಾರ ಇದ್ದದ್ದಕ್ಕ ಈ ಸಲ ಒಂದ ಸಂಜಿಯೊಳಗ ದೂರು ಹೋತು, ಉತ್ತರಕ್ಕ ಕಾಯಲಿಕತ್ತೀನಿ. ಟ್ರೇಡ್‌ಮಾರ್ಕ್ ಜರ್ನಲ್‌ದಾಗ ಪ್ರಕಟ ಆಗೋದು ಇನ್ನೂ ಅದ, ಆದ ಮ್ಯಾಲೆ ನಾಲ್ಕು ತಿಂಗಳು ಯಾರಾದ್ರೂ ವಿರೋಧ ಹಾಕ್ತಾರೇನು ನೋಡಬೇಕು. ಅಫಿಡವಿಟ್‌ನ ನಮೂನಿ, ದೂರಿನ್ಯಾಗ ಬರದ ಮಾತು ಬೇಕಾದವರು ಕೇಳ್ರಿ, ನನ್ನ ವಿವರ ತಗದು ಕಳಿಸಿಕೊಡ್ತೀನಿ.